ಕೆಲಸ ಬಿಟ್ಟ ದಿನದ ಜಿಲೇಬಿ

ನೆಗಡಿಯಾದ ಮೊಮ್ಮಗಳ ಎದೆಗೆ ಮೊನ್ನೆ ನೀಲಗಿರಿ ಎಣ್ಣೆ ಸವರುತ್ತಿದ್ದೆ. ಆ ಘಾಟು ಮೂಗಿಗೆ ಹತ್ತಿದ್ದೇ ತಡ, ಬೇಲೂರಿನ ನಮ್ಮ ಹೆಂಚಿನ ಮನೆ ಕಣ್ಣೆದುರು ಬಂದು ನಿಂತಿತು. ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಪಕ್ಕದ ಮೊಳೆಗೆ ದೊಡ್ಡಪ್ಪನ ಉಣ್ಣೆಯ ಟೋಪಿ, ಅದರೊಳಗೆ ಅಜ್ಜಿ ಬಚ್ಚಿಡುತ್ತಿದ್ದ ಎಲೆಅಡಿಕೆ. ದೊಡ್ಡಪ್ಪ ರಷ್ಯಾದಲ್ಲಿ ಅರಣ್ಯಶಾಸ್ತ್ರ ಓದಿ ಬಂದು ಅರಣ್ಯಾಧಿಕಾರಿಯಾಗಿದ್ದವರು. ಅಲ್ಲಿಂದ ಅವರು ತಂದದ್ದು ಆ ಟೋಪಿ, ಹಾಲಿಲ್ಲದ ಟೀಗೆ ನಿಂಬೆಹಣ್ಣು ಹಿಂಡಿ ಕುಡಿಯುವ ಚಟ, ಮತ್ತು ಮುಗಿಯದಷ್ಟು ಕಥೆ. ಅಲ್ಲಿನ ಬಿಳಿ ತೊಗಟೆಯ ಮರಗಳು ಹಿಮದಲ್ಲಿ ಸುಣ್ಣ ಬಳಿದ ಕಂಬಗಳ ಹಾಗೆ ನಿಂತಿರುತ್ತವೆ ಎಂದು ಅವರು ಹೇಳುವಾಗ, ಬೇಸಿಗೆಯ ಸೆಕೆಯಲ್ಲೂ ನಾವು ಮಕ್ಕಳು ಕಂಬಳಿ ಹೊದ್ದು ಕೂರುತ್ತಿದ್ದೆವು.

ಗೆಂಡೆಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ, ದನಕುರಿ ಮೇಯುವ ಗೋಮಾಳಕ್ಕೆಲ್ಲ ನೀಲಗಿರಿ ನೆಡಿಸಬೇಕೆಂದು ಅವರಿಗೆ ಮೇಲಿನಿಂದ ಅಪ್ಪಣೆಯಾಯಿತು. ದೊಡ್ಡಪ್ಪ ನೆಡಿಸಲಿಲ್ಲ. ಹುಲ್ಲು ಸತ್ತರೆ ಊರೇ ಸಾಯುತ್ತದೆ ಎಂದು ಪತ್ರಿಕೆಯೊಂದಕ್ಕೆ ಲೇಖನ ಬರೆಯಲು ಕುಳಿತರು. “ಬೇರೆ ಹೆಸರು ಹಾಕ್ಕೊಳ್ಲಾ?” ಎಂದು ಅವರು ಅನುಮಾನಿಸಿದಾಗ, ಸ್ಕೂಲಿನಿಂದ ಆಗತಾನೆ ಬಂದಿದ್ದ ದೊಡ್ಡಮ್ಮ ಚಪ್ಪಲಿ ಬಿಡುತ್ತಲೇ, “ಬರೆದ್ರೆ ನಿಮ್ಮ ಹೆಸರಲ್ಲೇ ಬರೀರಿ. ಮೇಷ್ಟ್ರ ಕೆಲಸ ನಂದಿದೆಯಲ್ಲ, ಗಂಜಿಗೇನೂ ಮೋಸವಿಲ್ಲ” ಎಂದರು. ಲೇಖನ ಅಚ್ಚಾದ ಮೇಲೆ ಕಚೇರಿಯವರು ತಪ್ಪಾಯಿತೆಂದು ಬರೆದುಕೊಡಲು ಹೇಳಿದರು. ದೊಡ್ಡಪ್ಪ ರಾಜೀನಾಮೆ ಬರೆದುಕೊಟ್ಟರು.

ಆ ಸಂಜೆ ಅವರು ಮನೆಗೆ ಬಂದದ್ದು ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯ ಬಿಸಿ ಜಿಲೇಬಿ ಪೊಟ್ಟಣದೊಂದಿಗೆ. ಮಗನಿಗೆ ಬಡ್ತಿಯೇ ಸಿಕ್ಕಿತೆಂದುಕೊಂಡ ಅಜ್ಜಿ ಯಾರನ್ನೂ ಕೇಳದೆ ಬೀದಿಗೆಲ್ಲ ಹಂಚಿ, ದೇವಸ್ಥಾನದ ಅರ್ಚಕರ ಮನೆಯಿಂದ ಅಭಿನಂದನೆಯನ್ನೂ ಹೊತ್ತು ತಂದರು. ನಿಜ ತಿಳಿದದ್ದು ಆಮೇಲೆ. “ಲೋ, ರಷ್ಯಾಕ್ಕೋಗಿ ಮರ ಓದ್ಕೊಂಡ್ ಬಂದೋನು ಈಗ ಕಾಗ್ದ ಗೀಚ್ಕೊಂಡ್ ಕೂತ್ಕತೀಯೇನೋ?” ಎಂದು ಕೂಗಾಡಿದರು. ದೊಡ್ಡಪ್ಪ ನಗುತ್ತ, “ಕಾಗದಾನೂ ಮರದಿಂದಾನೇ ಮಾಡೋದು ಕಣವ್ವ” ಎಂದರು. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಕೋಪ ಉಳಿಸಿಕೊಳ್ಳಬೇಕೆಂದು ಅಡುಗೆಮನೆಗೆ ಓಡಿದರು.

ಅಲ್ಲಿಂದಾಚೆಗೆ ಮನೆ ತುಂಬ ಅಚ್ಚಿನ ಮಸಿಯ ವಾಸನೆ. ದೊಡ್ಡಪ್ಪ ತಿಂಗಳಿಗೊಂದು ಪುಟ್ಟ ಪತ್ರಿಕೆ ಹೊರಡಿಸಿದರು: ಗೋಮಾಳ ಯಾರದು, ಕೆರೆ ಯಾರದು, ಕೂಲಿ ಯಾಕೆ ಏರುವುದಿಲ್ಲ. ಅದನ್ನು ಮಡಚಿ ಅಂಟಿಸುವುದು ನಮ್ಮ ಆಟ, ಅಂಟು ಬೇಯಿಸುವುದು ಅಜ್ಜಿಯ ಕೆಲಸ. ಒಂದು ಸಲ ವಿಚಾರಣೆಗೆಂದು ಪೊಲೀಸಿನವನೊಬ್ಬ ಬಂದಾಗ ನಾವೆಲ್ಲ ದೊಡ್ಡಮ್ಮನ ಸೆರಗಿನ ಹಿಂದೆ ಸೇರಿಕೊಂಡೆವು. ಆತ ಪತ್ರಿಕೆಯನ್ನು ಮೊದಲಿನಿಂದ ಕೊನೆವರೆಗೂ ಓದಿ, ಅಜ್ಜಿ ಕೊಟ್ಟ ಕಾಫಿ ಕುಡಿದು, ಎದ್ದು ಹೊರಡುವಾಗ ದನಿ ತಗ್ಗಿಸಿ, “ಸಾರ್, ನಮ್ಮೂರಲ್ಲೂ ಇದೇ ಕತೆ ಐತೆ. ಒಂದಿಷ್ಟು ಬರೀರಿ” ಎಂದ. ಮುಂದಿನ ಸಂಚಿಕೆಯಲ್ಲಿ ದೊಡ್ಡಪ್ಪ ಬರೆದೇಬಿಟ್ಟರು.

ಗೆಂಡೆಹಳ್ಳಿ ಕಡೆಯ ಆ ಊರಿನವರು ವರ್ಷಗಟ್ಟಲೆ ಪಟ್ಟುಬಿಡದೆ ಓಡಾಡಿದ್ದಕ್ಕೆ ಅರ್ಧ ಗೋಮಾಳ ಉಳಿಯಿತು, ಅರ್ಧ ನೀಲಗಿರಿಯ ಪಾಲಾಯಿತು. ಉಳಿದರ್ಧಕ್ಕೆ ದೊಡ್ಡಪ್ಪ ನೆರಳಿಗಿರಲೆಂದು ಊರವರೊಂದಿಗೆ ಹೊಂಗೆ, ಹಿಪ್ಪೆ ನೆಟ್ಟರು. ಈಗ ಅಜ್ಜಿಯಿಲ್ಲ, ದೊಡ್ಡಪ್ಪ ದೊಡ್ಡಮ್ಮ ಇಬ್ಬರೂ ಇಲ್ಲ. ಮನೆಯಿದ್ದ ಜಾಗದಲ್ಲಿ ಪ್ರವಾಸಿಗರ ಲಾಡ್ಜು ಎದ್ದಿದೆ.

ಹೋದ ತಿಂಗಳು ಹಳೇಬೀಡಿನ ಮದುವೆಯೊಂದನ್ನು ಮುಗಿಸಿ ಆ ಗೋಮಾಳದ ಹಳ್ಳಿಗೆ ಹೋಗಿದ್ದೆ. ಹೊಂಗೆಯಡಿ ಕುರಿ ಬಿಟ್ಟುಕೊಂಡು ಕೂತಿದ್ದ ಹೆಂಗಸನ್ನು, “ಈ ಮರ ನೆಟ್ಟೋರು ಯಾರವ್ವ?” ಎಂದು ಕೇಳಿದೆ. “ಯಾರ್ ನೆಟ್ರೋ ಕಾಣೆ ಕಣಕ್ಕ. ನಾನಿಲ್ಲಿಗೆ ಮದ್ವೆಯಾಗಿ ಬಂದಾಗ್ಲೇ ಇದ್ವು. ಬಾ, ಬಿಸ್ಲೈತೆ, ಕೂತ್ಕ” ಎಂದು ಪಕ್ಕಕ್ಕೆ ಸರಿದಳು. ದೊಡ್ಡಪ್ಪನ ಹೆಸರು ಬಾಯಿಗೆ ಬಂದಿತ್ತು, ಹೇಳಲಿಲ್ಲ. ಅವಳು ಬಿಟ್ಟುಕೊಟ್ಟ ಜಾಗದಲ್ಲಿ ಬಿಸಿಲು ಇಳಿಯುವವರೆಗೂ ಕೂತಿದ್ದೆ.