ಕುಬಿಹಾಳದ ದಾರಿಯಲ್ಲಿ ನಿಂತ ಕಾರು

ನಮ್ಮಪ್ಪನಿಗೆ ಕಾರು ಬೇಕಾಗಿತ್ತು, ಅದನ್ನು ನಡೆಸಲು ಕಲಿಯುವ ಆಸೆ ಮಾತ್ರ ಎಂದೂ ಇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ಹತ್ತಿ ಚೆನ್ನಾಗಿ ಬಂದ ಒಂದು ಸಲ, ಹುಬ್ಬಳ್ಳಿಯ ಪರಿಚಯದವರಿಂದ ಹಳೆಯ ಬಿಳಿ ಅಂಬಾಸಿಡರ್ ಒಂದನ್ನು ಕೊಂಡು ಕುಂದಗೋಳದ ಆಚೆ ಇರುವ ನಮ್ಮ ಹಳ್ಳಿಗೆ ತರಿಸಿದ. ಕಾರು ನಡೆಸಿಕೊಂಡು ಬಂದಾತ ಅಂದು ನಮ್ಮಲ್ಲಿ ಊಟ ಮಾಡಿ ಸಂಜೆಯ ಬಸ್ಸಿಗೆ ತಿರುಗಿ ಹೋಗಬೇಕಾಗಿತ್ತು. ಊಟವಾದ ಮೇಲೆ ಅಪ್ಪ ಮತ್ತು ಅವನು ಕಟ್ಟೆಯ ಮೇಲೆ ಕುಳಿತು ಎತ್ತುಗಳ ಬಗ್ಗೆ ವಾದಕ್ಕಿಳಿದರು. ಬಸ್ಸು ಹೋಯಿತು. ವಾದ ಮುಗಿಯಲಿಲ್ಲ. ಆತ ನಮ್ಮ ಮನೆಯಲ್ಲೇ ಉಳಿದುಬಿಟ್ಟ.

ನಾನು ಅವನಿಗೆ ಕಾಕಾ ಎನ್ನುತ್ತಿದ್ದೆ. ಅವನು ಅಳ್ನಾವರದವನು, ಬಹಳ ವರ್ಷ ಅಲ್ಲಿಂದ ಕಟ್ಟಿಗೆಯ ಲಾರಿ ಹೊಡೆದಿದ್ದ. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಅಳ್ನಾವರದಲ್ಲಿ ಒಬ್ಬ ತಂಗಿ ಮಾತ್ರ ಇದ್ದಳು. ನಮ್ಮ ದನದ ಕೊಟ್ಟಿಗೆಯ ಬಾಜುವಿನ ಕೋಣೆ ಅವನದಾಯಿತು. ಬೆಳಿಗ್ಗೆ ಮೈ ತೊಳೆದು, ತನ್ನ ಹಣೆಗೆ ವಿಭೂತಿ ಹಚ್ಚಿಕೊಂಡು, ಬೆರಳಿನಲ್ಲಿ ಉಳಿದ ಬೂದಿಯನ್ನು ಸ್ಟೇರಿಂಗಿಗೆ ಒರೆಸುತ್ತಿದ್ದ. ದಾರಿಯಲ್ಲಿ ಎಮ್ಮೆಗಳು ಅಡ್ಡ ನಿಂತರೆ ಹಾರ್ನ್ ಹೊಡೆಯುತ್ತಿರಲಿಲ್ಲ. ಕೆಳಗಿಳಿದು, ಒಂದೊಂದರ ಬೆನ್ನು ತಟ್ಟಿ, ಏನೋ ಮಾತಾಡಿ ಬದಿಗೆ ಕಳಿಸಿ ಬರುತ್ತಿದ್ದ. ಹಿಂದಿನ ಸೀಟಿನಲ್ಲಿ ಅಪ್ಪ ಕೈಗಡಿಯಾರ ನೋಡಿಕೊಂಡು ನಿಟ್ಟುಸಿರು ಬಿಡುತ್ತಿದ್ದ.

ಅಪ್ಪನಿಗೂ ಅವನಿಗೂ ದಿನಕ್ಕೊಂದು ಜಗಳ ಇರಲೇಬೇಕು. ಅಪ್ಪ ಬಾಗಿಲನ್ನು ಧಡ್ಡನೆ ಹಾಕಿದರೆ ಕಾಕಾ ಇಡೀ ದಾರಿ ಮಾತು ಬಿಡುತ್ತಿದ್ದ. ಕಾಕಾ ಚಹಕ್ಕೆಂದು ಅಂಗಡಿಯ ಮುಂದೆ ನಿಲ್ಲಿಸಿದರೆ ಅಪ್ಪ ಕಾರಿನಿಂದ ಇಳಿಯುತ್ತಲೇ ಇರಲಿಲ್ಲ. ಆದರೆ ಕಾಕಾ ಹಬ್ಬಕ್ಕೆ ತಂಗಿಯ ಮನೆಗೆ ಹೋದನೆಂದರೆ ಅಪ್ಪ ಕಾರಿನ ಸುತ್ತ ಸುಮ್ಮಸುಮ್ಮನೆ ತಿರುಗುತ್ತಿದ್ದ.

ಕೊನೆಗೊಂದು ವರ್ಷ ಕಾಕಾ ಕಾರನ್ನು ಬಹಳ ನಿಧಾನವಾಗಿ ಹೊಡೆಯತೊಡಗಿದ. ಸೈಕಲ್ಲುಗಳು ನಮ್ಮನ್ನು ದಾಟಿ ಹೋಗುತ್ತಿದ್ದವು.

“ಏನಪಾ, ಹಿಂಗ ಹ್ವಾದ್ರ ಹುಬ್ಬಳ್ಳಿ ಮುಟ್ಟೂದ್ರಾಗ ನನ್ನ ಮೀಸಿ ಬೆಳ್ಳಗ ಆಕ್ಕಾವ,” ಎಂದ ಅಪ್ಪ.

“ಗಾಡಿಗಿ ವಯಸ್ಸ ಆಗೇತ್ರಿ ಸಾವ್ಕಾರ್ರ,” ಎಂದ ಕಾಕಾ. ನಾವು ನಂಬಿದೆವು.

ಆ ಚಳಿಗಾಲ, ಸಂಕ್ರಾಂತಿ ಕಳೆದು ಕಡಲೆ ಕೀಳುವ ದಿನಗಳು. ಕುಬಿಹಾಳದಲ್ಲಿ ನನ್ನ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾಗಿತ್ತು. ಬಾಣಂತನಕ್ಕೆ ಕೈಯಾಸರೆಯಾಗಲೆಂದು ಅವ್ವ ಅಲ್ಲಿಗೆ ಹೊರಟಳು. ಬೆಳಿಗ್ಗೆ ಕಾಕಾ ಅವಳನ್ನು ಕರೆದುಕೊಂಡು ಹೋದ. ಸಂಜೆಯಾದರೂ ತಿರುಗಿ ಬರಲಿಲ್ಲ. ಅವ್ವನೇ ಏನೋ ಕೆಲಸಕ್ಕೆ ನಿಲ್ಲಿಸಿಕೊಂಡಿರಬೇಕು ಎಂದುಕೊಂಡು ಅಪ್ಪ ಮತ್ತು ನಾನು ಉಂಡು ಮಲಗಿದೆವು.

ಮರುದಿನ ನಾನು ಶಾಲೆಗೆ ಹೊರಡುತ್ತಿದ್ದೆ. ಟ್ರೇನಿಂಗ್ ಮುಗಿಸಿ ನಮ್ಮೂರಿನ ಕನ್ನಡ ಶಾಲೆಯಲ್ಲಿ ಆಗಷ್ಟೇ ಶಿಕ್ಷಕಿಯಾಗಿದ್ದೆ. ಕುಬಿಹಾಳದ ಕಡೆಯಿಂದ ಸೈಕಲ್ ಮೇಲೆ ಬಂದ ಒಬ್ಬ ಗೌಳಿ ಹಾಲಿನ ಕ್ಯಾನು ಇಳಿಸದೆಯೇ ಹೇಳಿದ.

“ಸಾವ್ಕಾರ್ರ, ನಿಮ್ಮ ಕಾರು ಹೊಲದ ದಾರ್ಯಾಗ ನಿಂತೇತ್ರಿ. ನಿನ್ನಿ ಮಧ್ಯಾಹ್ನದಿಂದ ನಿಂತೇತಂತ. ಒಳಗ ಯಾರೂ ಇಲ್ರಿ.”

ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತ. ನಾನು ಚೀಟಿ ಬರೆದು ಶಾಲೆಗೆ ಕಳಿಸಿ ಅವನ ಜೊತೆ ಹೊರಟೆ. ಎತ್ತಿನ ಚಕ್ಕಡಿ ಹೂಡಿಕೊಂಡು ಹೋದೆವು.

ಆ ದಾರಿಯಲ್ಲಿ ದಿನಕ್ಕೊಂದು ಬಸ್ಸೂ ಓಡಾಡುತ್ತಿರಲಿಲ್ಲ. ಎರಡೂ ಕಡೆ ಎರೆಹೊಲ, ಎದೆಮಟ್ಟದ ಬಿಳಿಜೋಳ, ಅಂಚಿಗೆ ಹಳದಿ ಹೂಬಿಟ್ಟ ಕುಸುಬಿಯ ಸಾಲು. ದೂರದಿಂದಲೇ ಜೋಳದ ತೆನೆಗಳ ನಡುವೆ ಕಾರಿನ ಬಿಳಿ ನೆತ್ತಿ ಕಂಡಿತು. ಹತ್ತಿರ ಹೋದರೆ, ದಾರಿ ಬಿಟ್ಟು ಬದಿಗೆ ಚೆಂದವಾಗಿ ನಿಲ್ಲಿಸಿದ ಕಾರು. ಗಾಜುಗಳೆಲ್ಲ ಏರಿದ್ದವು, ಬಾಗಿಲುಗಳಿಗೆ ಕೀಲಿ ಬಿದ್ದಿತ್ತು. ಗಾಲಿಗಳಿಗೆ ಕಲ್ಲು ಕೊಟ್ಟಿದ್ದ. ನಾವು ಯಾವಾಗಲೂ ಕೀಲಿಕೈ ಇಡುತ್ತಿದ್ದ ಮುಂದಿನ ಗಾಲಿಯ ಮೇಲೆ ಕೈಯಾಡಿಸಿದೆ. ಅದು ಅಲ್ಲೇ ಇತ್ತು. ಬಾನೆಟ್ಟಿನ ಮುಂದಿನ ಜಾಲರಿಯಲ್ಲಿ ಮಾತ್ರ ಹಸಿ ಕಡಲೆಗಿಡದ ಎಳೆಗಳು ಸಿಕ್ಕಿಕೊಂಡಿದ್ದವು.

ಅಷ್ಟರಲ್ಲಿ ಅಲ್ಲಿ ಜನ ಸೇರಿದ್ದರು. ಸುದ್ದಿ ಕೇಳಿ ಅವ್ವನೂ ಕುಬಿಹಾಳದಿಂದ ನಡೆದು ಬಂದಿದ್ದಳು. ನಿನ್ನೆ ಚಹ ಕುಡಿದು, ಕೂಸಿನ ಕೈಗೆ ಬೆರಳು ಕೊಟ್ಟು ಆಡಿಸಿ, ನಗುನಗುತ್ತಲೇ ಹೊರಟನೆಂದು ಹೇಳಿದಳು. ಒಬ್ಬ, ಓಡಿ ಹೋಗಿರಬೇಕು ಎಂದ.

“ಓಡಿ ಹೋಗಾಂವ ಗಾಲಿಗೆ ಕಲ್ಲ ಕೊಟ್ಟ ಹೊಕ್ಕಾನೇನು?” ಎಂದ ಅಪ್ಪ.

ಆಮೇಲೆ ಯಾರೋ ತಗ್ಗಿದ ದನಿಯಲ್ಲಿ ಬಾವಿಯ ಮಾತೆತ್ತಿದರು. ಎರಡು ಹೊಲ ಆಚೆಗೆ ಒಂದು ಹಳೆಯ ಬಾವಿ ಇತ್ತು. ಗಂಡಸರು ಹಗ್ಗ ತರಲು ಹೋದರು. ಅಪ್ಪ ಅವರ ಹಿಂದೆ ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದು ಹೊಲದ ಬದುವಿನ ಮೇಲೆ ಕುಳಿತ. ಬಾವಿಯ ಕಡೆ ಬೆನ್ನು ಮಾಡಿ ಕುಳಿತ. ಅವ್ವ ಅವನ ಪಕ್ಕದಲ್ಲಿ ಕುಳಿತಳು. ಅಪ್ಪನ ಬರಿಗಾಲಿಗೆ ಮುಳ್ಳು ಹತ್ತಿ ರಕ್ತ ಬಂದಿತ್ತು. ಅವ್ವ ತನ್ನ ಸೆರಗಿನಿಂದ ಅದನ್ನು ಒರೆಸಿದಳು, ಅವನಿಗೆ ಅದೂ ಗೊತ್ತಾಗಲಿಲ್ಲ. ಬಾವಿಯಲ್ಲಿ ಏನೂ ಇರಲಿಲ್ಲ. ಹಾಗೆಂದು ಒಬ್ಬ ಬಂದು ಹೇಳಿದಾಗ ಅಪ್ಪ ತಲೆಯ ರುಮಾಲು ತೆಗೆದು ಮುಖ ಮುಚ್ಚಿಕೊಂಡ.

ಈ ಗದ್ದಲ ಕೇಳಿ ಹೊಲದ ಗುಡಿಸಲಿನಿಂದ ಒಬ್ಬ ಮುದುಕಿ ಕೋಲೂರಿಕೊಂಡು ಬಂದಳು. ಕಡಲೆ ಕಾಯಲು ಮಗನ ಹೊಲದಲ್ಲಿ ಒಬ್ಬಳೇ ಇದ್ದವಳು.

“ಯಾರನ್ನ ಹುಡುಕಾಕ ಹತ್ತೀರಿ? ಕಾರಿನಾಂವನ್ನ ಏನು? ಅವ ನಿನ್ನಿನ ಹೋದ,” ಎಂದಳು.

“ಎಲ್ಲಿಗೆ ಹೋದ, ಯವ್ವಾ?” ಎಂದು ಅಪ್ಪ ಎದ್ದು ನಿಂತ.

“ಕಡ್ಲಿಗಿಡದ ಹೊರಿ ತಲಿಮ್ಯಾಲ ಇಟ್ಕೊಂಡ ದಾರಿ ದಾಟಾಕ ಹತ್ತಿದ್ದೆ. ಈ ಗಾಡಿ ನನ್ನ ಮೈಮ್ಯಾಲನ ಬಂತು. ಸಾವಕಾಶ ಬರ್ತಿತ್ತು, ಅದಕ್ಕ ಉಳಕೊಂಡೆ. ಹೊರಿ ಹೋಗಿ ಗಾಡಿಮ್ಯಾಲ ಬಿತ್ತು, ನಾ ಕೆಳಗ ಕುಂತೆ. ಅವ ಇಳದ ಬಂದ. ಬಾಯಿಗೆ ಬಂದಂಗ ಬೈದೆ. ಕಣ್ಣ ಮನ್ಯಾಗ ಇಟ್ಟ ಬಂದೀಯೇನ ಅಂದೆ.” ಮುದುಕಿ ಕೋಲಿನ ಮೇಲೆ ಎರಡೂ ಕೈ ಊರಿದಳು. “ಹಂಗ ಅಂದದ್ದಕ್ಕ ಅಳಾಕ ಹತ್ತಿದ್ನೋ, ಮತ್ತ ಯಾಕೋ. ಅಷ್ಟ ದೊಡ್ಡ ಗಂಡಸು. ಆಮ್ಯಾಲ ಹೊರಿ ತಾನ ಹೊತ್ಕೊಂಡ ನನ್ನ ಗುಡಸಲಾಕ ತಂದ ಹಾಕಿದ. ನೀರ ಕುಡದ. ತಿರಗಿ ಹೋಗಿ ಗಾಡಿ ಬಾಜೂಕ ನಿಲ್ಲಿಸಿ, ಅದರ ಮ್ಯಾಲ ಕೈ ಇಟ್ಕೊಂಡ ಭಾಳೊತ್ತು ನಿಂತಿದ್ದ. ಆಮ್ಯಾಲ ಕುಂದಗೋಳ ಟೇಶನ್ನಿನ ಕಡೆ ನಡಕೋತ ಹೋದ.”

ಅವ್ವನಿಗೆ ತಕ್ಷಣ ಗೊತ್ತಾಯಿತು. “ತಂಗಿ ಮನಿಗೆ ಹೋಗ್ಯಾನ,” ಎಂದಳು. ಅಪ್ಪ ಆಗಲೇ ಚಕ್ಕಡಿ ಏರಿದ್ದ. ಮುದುಕಿ ಕಾರನ್ನು ತಾನು ನೋಡಿಕೊಳ್ಳುವುದಾಗಿ ಹೇಳಿ, ಯಾರೂ ಕೇಳದಿದ್ದರೂ ತನ್ನ ಆಡನ್ನು ತಂದು ಅದರ ಬಂಪರಿಗೆ ಕಟ್ಟಿದಳು.

ಅಪ್ಪ ಮತ್ತು ನಾನು ಕುಂದಗೋಳದಲ್ಲಿ ರೈಲು ಹತ್ತಿ, ಹುಬ್ಬಳ್ಳಿಯಲ್ಲಿ ಬದಲಿಸಿ, ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಳ್ನಾವರ ಮುಟ್ಟಿದೆವು. ದಾರಿಯುದ್ದಕ್ಕೂ ಅಪ್ಪ ಕಾಕಾನಿಗೆ ಏನೇನು ಬೈಯಬೇಕೆಂದು ಲೆಕ್ಕ ಹಾಕುತ್ತಿದ್ದ. ನಡುವೆ ನನ್ನನ್ನು ಕೇಳಿದ, “ಅವಂಗ ಕಣ್ಣ ಕಾಣೂದಿಲ್ಲ ಅಂತ ನಿನಗೇನರ ಗೊತ್ತಿತ್ತೇನ ಬೇ?” ಗೊತ್ತಿರಲಿಲ್ಲ ಎಂದೆ. “ನನಗೂ ಗೊತ್ತಾಗಲಿಲ್ಲ ನೋಡು,” ಎಂದು ಕಿಟಕಿಯ ಹೊರಗೆ ನೋಡಿದ.

ಕಟ್ಟಿಗೆ ಕೊಯ್ಯುವ ಮಿಲ್ಲುಗಳ ಹಿಂದಿನ ಓಣಿಯಲ್ಲಿ ಅವನ ತಂಗಿಯ ಮನೆ. ಬಾಗಿಲಲ್ಲಿ ನಮ್ಮನ್ನು ಕಂಡು ಆಕೆ ಸೆರಗು ಸರಿಪಡಿಸಿಕೊಂಡು, “ಬರ್ರಿ, ಒಳಗ ಬರ್ರಿ. ನಿನ್ನಿಯಿಂದ ಒಂದ ತುತ್ತ ಉಂಡಿಲ್ರಿ ಅಣ್ಣ, ಏನಂತ ಹೇಳೂದೂ ಇಲ್ಲ,” ಎಂದಳು.

ಕಾಕಾ ಹಿತ್ತಲಲ್ಲಿ ಕುಳಿತು ಅವರೆಕಾಯಿ ಸುಲಿಯುತ್ತಿದ್ದ. ಬೆರಳುಗಳಿಂದ ತಡವಿ ತಡವಿ ಸುಲಿಯುತ್ತಿದ್ದ. ನಾವು ಅಂಗಳಕ್ಕೆ ಕಾಲಿಟ್ಟಾಗ ತಲೆ ಎತ್ತಿ ನಮ್ಮ ಕಡೆಗೇ ನೋಡಿದ. ಯಾರೆಂದು ತಿಳಿಯಲಿಲ್ಲ ಅವನಿಗೆ.

“ಸುಲಿ, ಸುಲಿ. ಕಾರ ಹೊಲ್ದಾಗ ನಿಂದರಿಸಿ ಇಲ್ಲಿ ಅವರಿಕಾಯಿ ಸುಲೀತಿಯೇನು,” ಎಂದ ಅಪ್ಪ.

ಕಾಕಾ ಎದ್ದ ರಭಸಕ್ಕೆ ಮೊರ ಮಗುಚಿತು. ಕಾಳುಗಳೆಲ್ಲ ಅಂಗಳದ ತುಂಬ ಹರಡಿದವು. ಬೈಯಲು ಬಂದ ಅಪ್ಪ ಕೆಳಗೆ ಕುಕ್ಕರಿಸಿ ಕಾಳು ಆರಿಸತೊಡಗಿದ. ಕಾಕಾನೂ ಕುಳಿತು ನೆಲ ತಡವಿದ. ಇಬ್ಬರೂ ಮುಖ ತಗ್ಗಿಸಿಕೊಂಡೇ ಮಾತಾಡಿದರು.

“ಯಾವಾಗಿನಿಂದ?”

“ಹೋದ ಮಳಿಗಾಲದಿಂದ್ರಿ. ಮೊದಲ ಮಂಜ ಬಿದ್ದಂಗ ಕಾಣ್ತಿತ್ತು. ಈಗ ಬರೇ ಬೆಳಕ ಕಾಣತೈತ್ರಿ, ಆಕಾರ ಕಾಣತೈತಿ.”

“ಮತ್ತ ಗಾಡಿ ಹೆಂಗ ಹೊಡದಿ ಇಷ್ಟ ದಿನ?”

“ನಮ್ಮ ದಾರಿ ಎಲ್ಲಾ ನನಗ ಪಾಠ ಆಗ್ಯಾವ್ರಿ. ಎಲ್ಲಿ ತಗ್ಗ ಐತಿ, ಎಲ್ಲಿ ಹಳ್ಳ ಐತಿ, ಎಲ್ಲಾ. ಆ ಮುದುಕಿ ಪಾಠದಾಗ ಇರಲಿಲ್ಲ.” ಅವನು ಸಿಕ್ಕ ಕಾಳುಗಳನ್ನು ಮೊರಕ್ಕೆ ಹಾಕಿದ. “ಅವ್ವಾರನ್ನ ಕೂಡಿಸ್ಕೊಂಡ ಹೋಗಿದ್ನೆಲ್ರಿ ಅದ ಗಾಡ್ಯಾಗ. ಅದು ನೆನಪಾಗಿ ಕೈಕಾಲ ಆಡಲಿಲ್ರಿ. ಮತ್ತ ನಿಮ್ಮ ಮುಂದ ಹೆಂಗ ಬರೂದು?”

“ನನಗ ಹೇಳಬೇಕೋ ಬ್ಯಾಡೋ?”

“ಹೇಳಿದ್ರ ಕೀಲಿಕೈ ಕೊಡಬೇಕಿತ್ತಲ್ರಿ. ಗಾಡಿ ಬಿಟ್ಟ ಮ್ಯಾಲ ನಿಮ್ಮ ಮನ್ಯಾಗ ನಾ ಯಾರ್ರಿ?”

ಅಪ್ಪ ಬಹಳ ಹೊತ್ತು ಒಂದೇ ಕಾಳನ್ನು ಬೆರಳಲ್ಲಿ ಹಿಡಿದುಕೊಂಡಿದ್ದ. “ಗಾಡಿ ಹೊಡ್ಯಾಕ ನನಗೂ ಬರೂದಿಲ್ಲ. ನಾ ಇಲ್ಲೇನ ಆ ಮನ್ಯಾಗ?” ಎಂದ.

ಬಾಗಿಲಲ್ಲಿ ನಿಂತಿದ್ದ ತಂಗಿ ಮುಸುಮುಸು ಅಳುತ್ತ ಒಳಗೆ ಹೋಗಿ ಅನ್ನಕ್ಕೆ ಇಟ್ಟಳು. ಅಂದು ಕಾಕಾ ಉಂಡ. ಅಪ್ಪ ಅವನ ತಾಟಿಗೆ ತಾನೇ ಸಾರು ಹಾಕಿದ.

ಮಾರನೆಯ ದಿನ ಮೂವರೂ ತಿರುಗಿ ಬಂದೆವು. ಕಾರು ಮಾತ್ರ ಇನ್ನೂ ಹೊಲದ ಬದಿಯಲ್ಲೇ ಇತ್ತು. ಹುಬ್ಬಳ್ಳಿಯಿಂದ ಬೇರೆ ಡ್ರೈವರನ್ನು ಕರೆಸಿ ಎಂದು ಊರವರು ಹೇಳಿದರೆ ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಜೋಡಿ ಎತ್ತುಗಳನ್ನೇ ಕಾರಿಗೆ ಹಗ್ಗ ಬಿಗಿದು ಕಟ್ಟಿಸಿದ. ಸ್ಟೇರಿಂಗಿನ ಮುಂದೆ ಯಾರು ಕೂಡುವುದೆಂಬ ಪ್ರಶ್ನೆ ಬಂತು. ಕಾಕಾ ನನ್ನ ಕಡೆಗೆ ಕೈ ಮಾಡಿದ.

“ಇಕಿ ಕುಂಡ್ರಲಿ. ಶಾಣ್ಯಾಕಿ ಅದಾಳ. ನಾ ಬಾಜೂಕ ಕುಂಡ್ರತೀನಿ.”

ಅಪ್ಪ ಬಾಯಿ ತೆರೆದ, ಕುಬಿಹಾಳದಿಂದ ಮತ್ತೆ ಬಂದಿದ್ದ ಅವ್ವ ಅವನ ಕಡೆ ಒಮ್ಮೆ ನೋಡಿದಳು, ಅಪ್ಪ ಬಾಯಿ ಮುಚ್ಚಿದ. ನಾನು ಕುಳಿತೆ. ಎತ್ತುಗಳು ಎಳೆದವು. ಅಷ್ಟು ಭಾರದ ವಸ್ತು ನನ್ನ ಕೈ ತಿರುಗಿಸಿದ ಕಡೆ ತಿರುಗುವುದು ಕಂಡು ನಾನು ಸ್ಟೇರಿಂಗನ್ನು ಇನ್ನೂ ಬಿಗಿಯಾಗಿ ಹಿಡಿದೆ. ಕಾಕಾ ಕಣ್ಣು ಮುಚ್ಚಿಕೊಂಡು ಪಕ್ಕದಲ್ಲಿ ಕುಳಿತು, “ಈಗ ತಗ್ಗ ಬರತೈತಿ, ಬಲಕ್ಕ ತಗೋ,” ಎನ್ನುತ್ತಿದ್ದ. ತಗ್ಗು ಬರುತ್ತಿತ್ತು. ಮುಂದೆ ಅಪ್ಪ ಎತ್ತುಗಳ ಜೊತೆ ನಡೆಯುತ್ತಿದ್ದ. ಹೊಲದಲ್ಲಿ ಕೆಲಸ ಮಾಡುವವರು ಕುಡುಗೋಲು ಬಿಟ್ಟು ದಾರಿಗೆ ಬಂದು ನಿಂತು ನಗುತ್ತಿದ್ದರು. ನಗುವವರನ್ನು ಕಂಡು ಅಪ್ಪನೂ ನಕ್ಕ.

ಶಿವರಾತ್ರಿಯ ನಂತರ ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯಲ್ಲಿ ಕಾಕಾನ ಪೊರೆ ತೆಗೆದರು. ಒಂದು ಕಣ್ಣು ಚೆನ್ನಾಗಿ ಬಂತು, ಇನ್ನೊಂದು ಅಷ್ಟಕ್ಕಷ್ಟೇ. ಕಣ್ಣಿಗೆ ಹಸಿರು ಬಟ್ಟೆ ಕಟ್ಟಿಕೊಂಡು ನಮ್ಮ ಪಡಸಾಲೆಯಲ್ಲೇ ಮಲಗಿರುತ್ತಿದ್ದ. ಕೊಟ್ಟಿಗೆಯ ಕೋಣೆಗೆ ತಿರುಗಿ ಹೋಗಲು ಅವ್ವ ಬಿಡಲಿಲ್ಲ. ಅವ್ವ ರೊಟ್ಟಿ ಮುರಿದು ಹಾಲಿನಲ್ಲಿ ನೆನೆಸಿ ಕೊಡುವಳು, ಅವನು ಖಾರ ಬೇಕೆಂದು ಹಟ ಮಾಡುವನು. ಅಪ್ಪ ಪಕ್ಕದಲ್ಲಿ ಕುಳಿತು ಪೇಪರು ಓದಿ ಹೇಳುವನು, ಪ್ರತಿ ಸುದ್ದಿಗೂ ಇಬ್ಬರಿಗೂ ವಾದವಾಗುವುದು. ಬಟ್ಟೆ ಬಿಚ್ಚಿ ದಪ್ಪ ಕನ್ನಡಕ ಕೊಟ್ಟ ದಿನ ಕಾಕಾ ಮೊದಲು ಅಪ್ಪನ ಮುಖವನ್ನು ನೋಡಿ, “ನೀವೂ ಮುದುಕರ ಆಗೀರಲ್ರಿ ಸಾವ್ಕಾರ್ರ,” ಎಂದ.

ಅವನು ಮತ್ತೆ ಕಾರು ಹೊಡೆಯಲಿಲ್ಲ. ಡಾಕ್ಟರು ಬೇಡವೆಂದಿದ್ದರು, ಅವನೂ ಕೇಳಲಿಲ್ಲ. ಆ ಬೇಸಿಗೆಯಲ್ಲಿ, ಶಾಲೆಗೆ ಸೂಟಿ ಬಿಟ್ಟಾಗ, ರಾಶಿ ಮುಗಿದು ಬರಿದಾದ ಹೊಲದಲ್ಲಿ ನನಗೆ ಕಲಿಸಿದ. ಕ್ಲಚ್ ಬಿಡುವುದನ್ನು ಕಲಿಸಲಿಕ್ಕೇ ಎಷ್ಟೋ ಸಂಜೆಗಳು ಹೋದವು. ಸಿಟ್ಟು ಮಾಡಲಿಲ್ಲ. ಎಂಜಿನ್ ನಿಂತುಹೋದಾಗಲೆಲ್ಲ, “ಇರಲಿ, ಅದಕ್ಕೂ ದಣುವಾಗೇತಿ,” ಎನ್ನುತ್ತಿದ್ದ. ನಮ್ಮ ಕಡೆ ಹೆಣ್ಣುಮಕ್ಕಳು ಕಾರು ಹೊಡೆಯುವುದನ್ನು ಆಗ ಯಾರೂ ಕಂಡಿರಲಿಲ್ಲ. ಇಂಥವಳಿಗೆ ಗಂಡು ಸಿಕ್ಕುವುದು ಕಷ್ಟ ಎಂದು ನೆಂಟರೊಬ್ಬರು ಅಪ್ಪನಿಗೆ ಹೇಳಿದರು. ಸಿಕ್ಕವನನ್ನು ಅವಳೇ ಕಾರಿನಲ್ಲಿ ಕರೆದುಕೊಂಡು ಬರುತ್ತಾಳೆ ಎಂದ ಅಪ್ಪ.

ಲೈಸೆನ್ಸಿನ ಪರೀಕ್ಷೆಗೆ ಧಾರವಾಡಕ್ಕೆ ಹೋದ ದಿನ ಕಾಕಾ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನ ಬಾಜುವಿನಲ್ಲಿ ಕುಳಿತಿದ್ದ. ಅಲ್ಲಿಯ ಸಾಹೇಬರು ನನ್ನನ್ನೂ ಅವನ ದಪ್ಪ ಕನ್ನಡಕವನ್ನೂ ನೋಡಿ, “ಡ್ರೈವರ್ ಯಾರು, ನೀವೇನ್ರಿ?” ಎಂದು ಅವನನ್ನು ಕೇಳಿದರು.

“ಅಲ್ರಿ ಸಾಹೇಬ್ರ,” ಎಂದ ಕಾಕಾ. “ಡ್ರೈವರ್ ಇಕಿ. ನಾ ಇವರ ಮನಿಯಾಂವ, ಜೋಡಿ ಬಂದೀನಿ.”