ಸುಕ್ಕುಗಟ್ಟಿದ ಬೆರಳು

ಕೈರುವಾನ್ ಊರಿನ ಮನ್ನೂಬಿಯಾಳ ಮನೆಯಲ್ಲಿ ರತ್ನಗಂಬಳಿ ನೇಯುವ ಮಗ್ಗಕ್ಕೆ ಮೂರು ಜನ ಕೂರುವ ಹಲಗೆ. ನಡುವೆ ಕೂತವಳೇ ಹೂವಿನ ಚಿತ್ತಾರದ ಒಡತಿ. ಆ ಜಾಗ ಮೊದಲು ಮನ್ನೂಬಿಯಾಳದು. ಉಣ್ಣೆ ಕೊಯ್ಯುವ ಚಾಕು ಜಾರಿ ಮಣಿಕಟ್ಟಿನ ನರ ಕತ್ತರಿಸಿದ ಮೇಲೆ ಅವಳ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಮರಗಟ್ಟಿದವು. ಜಾಗ ವಾರಗಿತ್ತಿ ಸಲ್ವಾಳಿಗೆ ಹೋಯಿತು. ಹೋದ ವರ್ಷ ಸಲ್ವಾ ಒಡೆದ ಗಾಜಿನ ಮೇಲೆ ಬಿದ್ದು ಅದೇ ನರ ಕೊಯ್ದುಕೊಂಡಳು. ಎಲ್ಲರ ಜೊತೆ ಮನ್ನೂಬಿಯಾಳೂ ಅತ್ತಳು. ಅತ್ತು, ಮುಖ ತೊಳೆದು, ಹೋಗಿ ನಡುವೆ ಕೂತಳು. ಬೆರಳಿಗೆ ತಿಳಿಯದ ಗಂಟನ್ನು ಕಣ್ಣಲ್ಲಿ ನೋಡಿ ನೋಡಿ ಹಾಕತೊಡಗಿದಳು.

ಆದರೆ ಸೂಸ್ ಪಟ್ಟಣದ ಡಾಕ್ಟರು ಸಲ್ವಾಳ ನರದ ಎರಡು ತುದಿಗಳ ನಡುವೆ ಎಂಥದೋ ನೀರುನೀರಾದ ಜೆಲ್ ಇಟ್ಟಿದ್ದರು. ಹಂದರಕ್ಕೆ ಬಳ್ಳಿ ಹಬ್ಬುವ ಹಾಗೆ ನರ ಅದರೊಳಗೆ ದಾರಿ ಹಿಡಿದು ಬೆಳೆಯುತ್ತದಂತೆ.

“ನನ್ನ ಕೈ ಕೊಯ್ದಾಗ ಈ ಲೋಳೆ ಎಲ್ಲಿ ಹಾಳಾಗಿ ಹೋಗಿತ್ತೇ?” ಎಂದಳು ಮನ್ನೂಬಿಯಾ.

“ಆಗ ಇರ್ಲಿಲ್ವಂತೆ ಅಕ್ಕ. ಹಳೇ ಗಾಯಕ್ಕೆ ಹಾಕಲ್ವಂತೆ.”

“ನೀನು ಬಿಡಮ್ಮ, ಒಳ್ಳೇ ಮುಹೂರ್ತ ನೋಡಿ ಕೊಯ್ಕೊಂಡೆ!”

ತಿಂಗಳುಗಳು ಕಳೆದವು. ಒಂದು ದಿನ ಇಬ್ಬರೂ ಅಂಗಳದಲ್ಲಿ ಒಂದೇ ಬೋಗುಣಿಗೆ ಕೈ ಹಾಕಿ ಬಿಸಿನೀರಲ್ಲಿ ಉಣ್ಣೆ ತೊಳೆಯುತ್ತಿದ್ದರು. ಸಲ್ವಾಳ ಕೈ ಕಂಡದ್ದೇ ಮನ್ನೂಬಿಯಾಳ ನಾಲಿಗೆ ತುರಿಸಿತು.

“ನೋಡೇ, ಎಷ್ಟು ನೆನೆದ್ರೂ ನನ್ನವು ಮದುಮಗಳ ಬೆರಳು! ನಿನ್ನ ಹೆಬ್ಬೆರಳು ನೋಡು, ಅತ್ತೆ ಗೋರಿಯಿಂದ ಎದ್ದು ಬಂದ ಹಾಗಿದೆ. ಸುಕ್ಕು ಮುದುಕಿ!”

ಸಲ್ವಾ ಬೆರಳು ನೋಡಿಕೊಂಡಳು. ಮರುಗಳಿಗೆ ಒದ್ದೆ ಕೈಯಲ್ಲೇ ವಾರಗಿತ್ತಿಯನ್ನು ತಬ್ಬಿಕೊಂಡಳು.

“ಅಕ್ಕಾ, ಡಾಕ್ಟರು ಇದನ್ನೇ ಕಾಯ್ತಾ ಇರೋದು! ನರ ಇಲ್ಲದ ಬೆರಳು ನೀರಲ್ಲಿ ಸುಕ್ಕಾಗಲ್ವಂತೆ. ನನ್ನ ನರ ಬಂತು!”

ಮನ್ನೂಬಿಯಾ ತನ್ನ ನುಣುಪು ಬೆರಳುಗಳನ್ನು ನೋಡಿದಳು. ಊರಿನ ಮದುವೆಗಳಲ್ಲೆಲ್ಲ ಮೆಹಂದಿಗೆ ಕೈ ಚಾಚಿ ಮೆರೆಸಿದ್ದು ಇವನ್ನೇ. ತಬ್ಬಿದವಳನ್ನು ತಳ್ಳಲೂ ಆಗಲಿಲ್ಲ, ತಬ್ಬಲೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಸಲ್ವಾ ಮಗ್ಗದ ಬಳಿ ಬಂದಾಗ ಮನ್ನೂಬಿಯಾ ನಡುವೆಯೇ ಕೂತಿದ್ದಳು, ಏಳಲಿಲ್ಲ.

“ಸುಕ್ಕು ಬಂದ ಮಾತ್ರಕ್ಕೆ ಗಂಟು ಬರುತ್ತೇನೇ?”

“ಇಲ್ಲ ಅಕ್ಕ. ಇನ್ನೂ ತಿಂಗಳುಗಟ್ಟಲೆ ಬೇಕಂತೆ. ನೀನು ಕೂತಿರು,” ಎಂದು ಸಲ್ವಾ ಹಲಗೆಯ ತುದಿಯಲ್ಲಿ ನೆಮ್ಮದಿಯಾಗಿ ಕೂತಳು.

ಆ ನೆಮ್ಮದಿಯೇ ಮನ್ನೂಬಿಯಾಳ ಹೊಟ್ಟೆಗೆ ಬೆಂಕಿ ಇಟ್ಟಿತು. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ, ಮುಂದಿನ ಗಂಟು ಹಾಕಿದಳು.