ಅಕ್ಕನಿಗೆ ಬಂದದ್ದು, ನನಗೆ ಬಾರದ್ದು

ಅಕ್ಕ ಬಟ್ಟೆ ಕತ್ತರಿಸುವುದನ್ನು ನೋಡಲು ಪಕ್ಕದ ಅಂಗಡಿಯವರೂ ಬಂದು ನಿಲ್ಲುತ್ತಿದ್ದರು. ಅವಳು ಕೆಲಸ ಮಾಡುತ್ತಿದ್ದದ್ದು ಶಾಲೆಗಳ ಸಮವಸ್ತ್ರ ಹೊಲಿಯುವ ದೊಡ್ಡ ಅಂಗಡಿಯಲ್ಲಿ. ಹದಿನೆಂಟು ಪದರ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ, ಸೀಮೆಸುಣ್ಣದಲ್ಲಿ ಒಂದೇ ಸಲ ಗೆರೆ ಎಳೆದು ಕತ್ತರಿ ಇಟ್ಟಳೆಂದರೆ ಮತ್ತೆ ನೋಡುವ ಮಾತೇ ಇಲ್ಲ. "ಎರಡೆರಡು ಸಲ ಅಳೆಯೋದೆಲ್ಲ ನಿನ್ನಂಥವರಿಗೆ ಕಣೇ" ಎಂದು ನನ್ನನ್ನು ಛೇಡಿಸುತ್ತಿದ್ದಳು. ಮನೆಯಲ್ಲಿ ಅವಳ ಹೆಸರು ಗಿರಗಿಟ್ಲೆ, ನನ್ನದು ಪುಕ್ಕಲಿ. ಎರಡನ್ನೂ ಇಟ್ಟವಳು ಅಮ್ಮ.

ಅಮ್ಮ ಒಂದು ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಿದ್ದಳು. ಕುಡಿಯುತ್ತಿದ್ದಳು. ಮಡಿಸಿಟ್ಟ ಹೊದಿಕೆಗಳ ನಡುವೆ, ಬಚ್ಚಲಿನ ಡ್ರಮ್ಮಿನ ಹಿಂದೆ, ಒಮ್ಮೆಯಂತೂ ನನ್ನ ಶಾಲೆಯ ಚೀಲದೊಳಗೇ ಬಾಟಲಿ ಸಿಕ್ಕಿತ್ತು. ಅಪ್ಪ ಎಂದೋ ಮನೆ ಬಿಟ್ಟಿದ್ದ. ಅಕ್ಕನಿಗೆ ಹದಿನೇಳು, ನನಗೆ ಹನ್ನೊಂದು ಆಗಿದ್ದಾಗ ಒಂದು ಮಧ್ಯಾಹ್ನ ಅಮ್ಮ ಮೆಟ್ಟಿಲಿನಿಂದ ಉರುಳಿಬಿದ್ದವಳು ಮತ್ತೆ ಏಳಲಿಲ್ಲ.

ನೆಂಟರೆಲ್ಲ ಸೇರಿ ನನ್ನನ್ನು ಅನಾಥಾಶ್ರಮಕ್ಕೆ ಬಿಡುವ ಮಾತು ತೆಗೆದರು. ಅಕ್ಕ ನಡುವೆ ನುಗ್ಗಿ, "ಇವಳು ನನ್ನ ಜೊತೆ ಇರ್ತಾಳೆ. ನೀವೆಲ್ಲ ಎದ್ದು ಹೊರಡಿ" ಎಂದಳು. ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಎಲ್ಲರಿಗಿಂತ ಮೊದಲು ಎದ್ದು ಹೊರಟಳು. ಮರುದಿನವೇ ಅಕ್ಕ ಆ ಹೊಲಿಗೆ ಅಂಗಡಿಗೆ ಹೋಗಿ, ಕತ್ತರಿ ಹಿಡಿದೇ ಗೊತ್ತಿಲ್ಲದವಳು, ತನಗೆ ಕಟಿಂಗ್ ಬರುತ್ತದೆಂದು ಹಸಿ ಹಸಿ ಸುಳ್ಳು ಹೇಳಿ ಕೆಲಸಕ್ಕೆ ಸೇರಿದಳು. ಹತ್ತು ದಿನದಲ್ಲಿ ಕಲಿತೂಬಿಟ್ಟಳು. ನನ್ನನ್ನು ಓದಿಸಿದಳು. ನನಗೆ ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ ಸಿಕ್ಕಿತು. ಅವಳು ಲಾರಿ ರಿಪೇರಿ ಮಾಡುವವನೊಬ್ಬನನ್ನು ಮದುವೆಯಾದಳು, ಒಬ್ಬ ಮಗಳನ್ನು ಹೆತ್ತಳು.

ಮೂವತ್ತೊಂದು ವರ್ಷದವರೆಗೆ ಅಕ್ಕ ಹೆಂಡವನ್ನು ಮೂಸಿಯೂ ನೋಡಿರಲಿಲ್ಲ. ಅಂಗಡಿಗೆ ಇಪ್ಪತ್ತೈದು ವರ್ಷ ತುಂಬಿದಾಗ ಮಾಲೀಕರಮ್ಮ ಒಂದು ಔತಣ ಇಟ್ಟುಕೊಂಡರು. ನಾನೂ ಹೋಗಿದ್ದೆ. ಎಲ್ಲರ ಒತ್ತಾಯಕ್ಕೆ ಇಬ್ಬರೂ ಒಂದೊಂದು ಲೋಟ ವೈನ್ ಕುಡಿದೆವು. ನನಗೆ ಅಷ್ಟಕ್ಕೇ ಮುಖ ಬಿಸಿಯಾಗಿ, ತಲೆ ಸುತ್ತಿ, ಎಲ್ಲಾದರೂ ಮಲಗಿದರೆ ಸಾಕೆನಿಸಿತು. ಅಕ್ಕ ನಾಲ್ಕು ಲೋಟ ಮುಗಿಸಿ ನೆಟ್ಟಗೆ ನಿಂತಿದ್ದಳು. "ನೋಡೇ ಪುಕ್ಕಲಿ, ನಂಗೇನೂ ಆಗ್ಲೇ ಇಲ್ಲ!" ಎಂದು ಗೆದ್ದವಳ ಹಾಗೆ ನಕ್ಕಳು. ನಾನೂ ನಕ್ಕೆ. ಏನೂ ಆಗದ ಮೈಗೇ ಕುಡಿತ ಬೇಗ ಅಂಟುತ್ತದೆ, ಅದೇ ಅಪಾಯವೆಂದು ನಮಗೆ ಹೇಳುವವರು ಯಾರಿದ್ದರು?

ಅದರ ಮುಂದಿನ ವರ್ಷಗಳನ್ನು ನಾನು ಉದ್ದಕ್ಕೆ ಹೇಳಲಾರೆ. ಮೊದಮೊದಲು ವಾರಕ್ಕೊಮ್ಮೆ, ಆಮೇಲೆ ದಿನವೂ ಸಂಜೆ, ಆಮೇಲೆ ಬೆಳಗಿನ ಚಹಾಕ್ಕೂ ಮುಂಚೆ. ಭಾವನೂ ಕುಡಿಯುತ್ತಿದ್ದ. ಅವನು ಕುಡಿದು ಬಂದರೆ ಅಕ್ಕಪಕ್ಕದವರು "ಪಾಪ, ಮೈಮುರಿದು ದುಡಿದಿರ್ತಾನೆ" ಎನ್ನುತ್ತಿದ್ದರು. ಅಕ್ಕ ಕುಡಿದಳೆಂದು ಗೊತ್ತಾದಾಗ ಅದೇ ಜನ ತಮ್ಮ ಮಕ್ಕಳನ್ನು ಅವಳ ಮನೆಗೆ ಕಳಿಸುವುದನ್ನು ನಿಲ್ಲಿಸಿದರು. ಭಾವ ಅದನ್ನೇ ನೆಪ ಮಾಡಿಕೊಂಡು ಬೇರೆ ಮನೆ ಹಿಡಿದ. ಮಗಳು ತಾಯಿಯ ಜೊತೆಯಲ್ಲೇ ಉಳಿದಳು.

ಕೆಲಸದಲ್ಲಿ ಅವಳ ಗುಟ್ಟನ್ನು ಮೊದಲು ರಟ್ಟು ಮಾಡಿದ್ದು ಸೀಮೆಸುಣ್ಣದ ಗೆರೆ. ನೂಲು ಹಿಡಿದ ಹಾಗೆ ಬರುತ್ತಿದ್ದ ಗೆರೆ ನಡುಗತೊಡಗಿತು. ಒಂದು ದಿನ ನೂರೆಂಬತ್ತು ಅಂಗಿಗಳ ತೋಳು ಎರಡು ಬೆರಳಷ್ಟು ಗಿಡ್ಡವಾದವು. ಮಾಲೀಕರಮ್ಮ ಕೂಗಾಡಲಿಲ್ಲ. ಕತ್ತರಿಯನ್ನು ಅವಳ ಕೈಯಿಂದ ಮೆಲ್ಲಗೆ ತೆಗೆದುಕೊಂಡು, "ಸ್ವಲ್ಪ ದಿನ ಗುಂಡಿ ಹಾಕಮ್ಮ" ಎಂದರು. ಬೈದಿದ್ದರೆ ಅಕ್ಕ ತಿರುಗಿ ಬೈಯುತ್ತಿದ್ದಳು. ಆ ಮೆಲುದನಿ ಅವಳನ್ನು ಸೋಲಿಸಿತು. ತಾನಾಗಿಯೇ ನನಗೆ ಫೋನ್ ಮಾಡಿ, "ಎಲ್ಲಿಗಾದ್ರೂ ಕರ್ಕೊಂಡ್ಹೋಗೇ" ಎಂದಳು.

ಕುಡಿತ ಬಿಡಿಸುವ ವಾರ್ಡಿನಲ್ಲಿ ಹೆಂಗಸರಿಗೆ ಇದ್ದದ್ದು ಆರೇ ಹಾಸಿಗೆ. ಅಲ್ಲಿನ ಡಾಕ್ಟರಮ್ಮ ಕುಡಿಯುವ ಹೆಂಗಸರನ್ನೂ ಅವರ ಅಕ್ಕತಂಗಿಯರನ್ನೂ ಕುರಿತು ಒಂದು ಅಧ್ಯಯನ ಮಾಡುತ್ತಿದ್ದರು. ಇಬ್ಬರ ರಕ್ತ ತೆಗೆದುಕೊಂಡರು. ಆಮೇಲೆ ಸ್ವಭಾವದ ಬಗ್ಗೆ ಪುಟಗಟ್ಟಲೆ ಪ್ರಶ್ನೆ.

"ಹಿಂದೆ ಮುಂದೆ ನೋಡದೆ ಏನಾದ್ರೂ ಮಾಡಿಬಿಡ್ತೀರಾ?"

"ಹಿಂದೆ ಮುಂದೆ ನೋಡಿದ್ರೆ ಇವಳನ್ನ ಸಾಕ್ತಿದ್ನಾ ಡಾಕ್ಟ್ರೇ?" ಎಂದು ಅಕ್ಕ ನನ್ನತ್ತ ಬೆರಳು ತೋರಿಸಿದಳು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದರು.

ಇನ್ನೊಂದು ಹಾಳೆಯಲ್ಲಿ ವಂಶವೃಕ್ಷ ತುಂಬಬೇಕಿತ್ತು. ಅಮ್ಮನ ಕಡೆಯ ಅಜ್ಜಿ ಹೇಗೆ ತೀರಿಕೊಂಡರು? ನಾವು ಕೇಳಿದ್ದು ಹೊಟ್ಟೆನೋವು ಎಂದು. ಖಚಿತ ಮಾಡಿಕೊಳ್ಳಲು ನಾನು ದೊಡ್ಡಮ್ಮನಿಗೆ ಫೋನ್ ಮಾಡಿದೆ. ಆಕಡೆ ಬಾಗಿಲು ಹಾಕಿಕೊಂಡ ಸದ್ದು ಕೇಳಿಸಿತು. ಆಮೇಲೆ, "ಹೆಂಗಸರು ಕುಡಿದು ಸತ್ತರೆ ನಮ್ಮನೇಲಿ ಹೊಟ್ಟೆನೋವು ಅಂತಾನೇ ಹೇಳೋದು ಕಣೇ" ಎಂದಳು.

ವಿಷಯ ತಿಳಿದು ಅಕ್ಕನ ಮುಖ ಕಪ್ಪಿಟ್ಟಿತು. "ಅಂದ್ರೆ ಇದು ರಕ್ತದಲ್ಲೇ ಬಂದಿದ್ದು. ನನ್ನ ಹಣೇಲಿ ಬರೆದೇ ಇತ್ತು ಅನ್ನಿ."

"ಬರೆದಿರಲಿಲ್ಲ" ಎಂದರು ಡಾಕ್ಟರಮ್ಮ. "ಸುಮಾರು ಅರ್ಧ ಪಾಲು ಹುಟ್ಟಿನಿಂದ ಬರತ್ತೆ. ಅದೂ ಒಂದು ಜೀನ್ ಅಲ್ಲ, ನೂರಾರು, ಒಂದೊಂದರದ್ದೂ ಚೂರುಚೂರು. ಉಳಿದಿದ್ದು ಬದುಕಿದ ರೀತಿ, ಪಟ್ಟ ಪಾಡು, ಜೊತೆಗೆ ಸ್ವಭಾವ. ನಿಮಗೆ ಇಳಿಜಾರು ಜಾಸ್ತಿ ಇತ್ತು, ಅಷ್ಟೇ."

"ಇವಳಿಗೆ?"

"ಒಂದೇ ತಾಯಿ ಮಕ್ಕಳಿಗೂ ಎಲ್ಲಾ ಒಂದೇ ಥರ ಹಂಚಿಕೆ ಆಗಲ್ಲ."

ಅಕ್ಕ ನನ್ನನ್ನೇ ನೋಡಿದಳು. ಅದು ಹೊಟ್ಟೆಕಿಚ್ಚಲ್ಲ. ಸಣ್ಣವಳಿದ್ದಾಗ ನನಗೆ ಜ್ವರ ಇಳಿಯಿತೇ ಎಂದು ಹಣೆ ಮುಟ್ಟಿ ನೋಡುತ್ತಿದ್ದಳಲ್ಲ, ಆ ನೋಟ. "ಸದ್ಯ" ಎಂದಳು.

ಹದಿನಾಲ್ಕು ತಿಂಗಳು ಅಕ್ಕ ಒಂದು ಹನಿ ಮುಟ್ಟಲಿಲ್ಲ. ಕಟಿಂಗ್ ಮೇಜಿಗೆ ಮರಳಿದಳು. ಮೈ ತುಂಬಿಕೊಂಡಳು. ಮಗಳ ಶಾಲೆಗೆ ಹೋಗಿ ಬಂದಳು. ಆಮೇಲೆ ಒಂದು ಮಂಗಳವಾರ, ಜಗಳವಿಲ್ಲ, ಸಾವಿಲ್ಲ, ಕಾರಣ ಅಂತ ಬೆರಳಿಟ್ಟು ತೋರಿಸುವಂಥದ್ದು ಏನೂ ಇಲ್ಲ, ಮತ್ತೆ ಕುಡಿದಳು.

ಆ ದಿನ ಬೆಳಿಗ್ಗೆ ಅವಳು ನನಗೆ ಎರಡು ಸಲ ಫೋನ್ ಮಾಡಿದ್ದಳು. ನಮ್ಮ ಪ್ಯಾಕಿಂಗ್ ಹಾಲಿಗೆ ಫೋನ್ ಒಯ್ಯುವಂತಿಲ್ಲ, ಲಾಕರಿನಲ್ಲಿ ಇಡಬೇಕು. ಹನ್ನೊಂದರ ವಿರಾಮದಲ್ಲಿ ನೋಡಿದೆ. ಗಂಟೆ ಬಾರಿಸಲು ನಾಲ್ಕು ನಿಮಿಷ ಬಾಕಿ ಇತ್ತು. ಅಕ್ಕ ಮಾತಿಗೆ ನಿಂತರೆ ಬಿಡುವವಳಲ್ಲ, ನಾನು ತಡವಾದರೆ ಮೇಲ್ವಿಚಾರಕಿ ಗೊಣಗುತ್ತಾಳೆ ಎಂದುಕೊಂಡು ಸಂಜೆ ಮಾಡಿದರಾಯಿತೆಂದು ಒಳಗೆ ಹೋದೆ. ನನ್ನ ಜಾಗದಲ್ಲಿ ಅಕ್ಕ ಇದ್ದಿದ್ದರೆ ಟೋಪಿ, ಗವಸು ಕಿತ್ತೆಸೆದು ಓಡಿ ಬರುತ್ತಿದ್ದಳು.

ಯಾಕೆ ಫೋನ್ ಮಾಡಿದ್ದೆ ಎಂದು ಮುಂದೆ ಒಂದು ಸಲ ಕೇಳಿದೆ. "ಸುಮ್ನೆ" ಎಂದಳು.

ಎರಡನೇ ಸಲದ ಇಳಿತ ಬಹಳ ವೇಗ. ಇನ್ನೂ ಎರಡು ಬಾರಿ ವಾರ್ಡಿಗೆ ಸೇರಿ ಬಂದಳು. ಕಣ್ಣು ಹಳದಿಯಾದವು, ಕಾಲು ಊದಿದವು. ನಲವತ್ತಮೂರನೇ ವಯಸ್ಸಿಗೆ ಹಾಸಿಗೆಯಿಂದ ಏಳಲಾರದಷ್ಟು ಯಕೃತ್ತು ಹಾಳಾಗಿತ್ತು. ಕೊನೆಯ ವಾರ ನನ್ನ ಮಣಿಕಟ್ಟು ಹಿಡಿದು, "ಮಗಳಿಗೆ ಎಲ್ಲಾ ಹೇಳ್ಬಿಡು. ಅಜ್ಜೀದು, ಅಮ್ಮಂದು, ನಂದು. ಮುಚ್ಚಿಡಬೇಡ" ಎಂದಳು.

"ನೀನೇ ಹೇಳಕ್ಕ."

"ನಂಗೆ ನಾಚಿಕೆ ಆಗತ್ತೆ ಕಣೇ."

ಜೀವಮಾನದಲ್ಲಿ ಅವಳ ಬಾಯಲ್ಲಿ ಆ ಮಾತು ಕೇಳಿದ್ದು ಅದೊಂದೇ ಸಲ. ಐದು ದಿನದ ಮೇಲೆ, ನಾನು ನರ್ಸನ್ನು ಕರೆಯಲು ಹೋಗಿದ್ದಾಗ, ಮಗಳ ಎದುರಿಗೇ ಅಕ್ಕನ ಉಸಿರು ನಿಂತಿತು.

ಹುಡುಗಿಗೆ ಆಗ ಹದಿನೆಂಟು. ನನ್ನ ಮನೆಗೆ ಕರೆತಂದೆ. ತಿಂಗಳು ಕಳೆದ ಮೇಲೆ, ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ, ಅಕ್ಕ ಹೇಳೆಂದದ್ದನ್ನೆಲ್ಲ ಹೇಳಿದೆ. ಡಾಕ್ಟರಮ್ಮ ವಿವರಿಸಿದ್ದನ್ನೂ ನನಗೆ ತಿಳಿದಷ್ಟು ಹೇಳಿದೆ. ಅವಳು ತಟ್ಟೆಗಳನ್ನು ಒಂದೊಂದಾಗಿ ಜೋಡಿಸುತ್ತ ಕೇಳಿಸಿಕೊಂಡಳು. ಎಲ್ಲ ಮುಗಿದ ಮೇಲೆ, "ನೀವ್ಯಾಕೆ ಹಾಗಾಗಲಿಲ್ಲ ಚಿಕ್ಕಮ್ಮ?" ಎಂದು ಕೇಳಿದಳು.

"ಗೊತ್ತಿಲ್ಲ ಕಣೇ. ಒಳ್ಳೆಯವಳು ಅಂತ ಅಲ್ಲ. ನಿಮ್ಮಮ್ಮ ನನಗಿಂತ ಒಳ್ಳೆಯವಳು."

ತಾಯಿ ಹೋದ ದಿನ ಅವಳು ಅತ್ತಿರಲಿಲ್ಲ. ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು, ಗೋಡೆಗೆ ಮುಖ ಮಾಡಿ, ಈಗ ಅಳತೊಡಗಿದಳು. ನಾನು ಒಲೆ ಆರಿಸಿ ಅವಳ ಪಕ್ಕದಲ್ಲಿ ನಿಂತೆ.